ದಾರಿ ಕಾಯುತ್ತಿದ್ದ ನೋವು

ನಾನು ಒಂದು ಎಂ.ಆರ್.ಐ. ಯಂತ್ರ. ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಮೈತುಂಬ ತಂತಿಯ ಸುರುಳಿ ಸುತ್ತಿ, ಕೊರೆಯುವಷ್ಟು ತಣ್ಣನೆಯ ಹೀಲಿಯಂ ತುಂಬಿ ನನ್ನನ್ನು ದೊಡ್ಡ ಅಯಸ್ಕಾಂತವನ್ನಾಗಿ ಮಾಡಿದರು. ಹಡಗಿನಲ್ಲಿ ಬಂದು, ಲಾರಿಯಲ್ಲಿ ಘಟ್ಟ ಹತ್ತಿ ಹುಬ್ಬಳ್ಳಿ ಸೇರಿದೆ. ಆಸ್ಪತ್ರೆಯ ಬಾಗಿಲಲ್ಲಿ ನಾನು ಹಿಡಿಸಲಿಲ್ಲ. ಗೋಡೆ ಒಡೆದು ಒಳಗಿಟ್ಟು, ಮತ್ತೆ ಗೋಡೆ ಕಟ್ಟಿದರು.

ಮೊದಮೊದಲು ಸವೆದ ಮಂಡಿ, ನೊಂದ ಬೆನ್ನುಗಳೇ ನನ್ನ ಪಾಲಿಗೆ ಬಂದವು. ಕೆಲವು ವರ್ಷಗಳ ಮೇಲೆ ಡಾ. ಇರ್ಫಾನಾ ಮುಲ್ಲಾ ಎಂಬ ವೈದ್ಯೆ ಬಂದರು. ಕೆಲವರ ಕರುಳು ಎಲ್ಲ ಪರೀಕ್ಷೆಯಲ್ಲೂ ಸರಿಯಾಗಿಯೇ ಕಾಣುತ್ತದೆ. ಆದರೂ ಹೊಟ್ಟೆ ಹಿಂಡುತ್ತದೆ, ಹೊತ್ತಲ್ಲದ ಹೊತ್ತಿನಲ್ಲಿ ಶೌಚಕ್ಕೆ ಅವಸರವಾಗುತ್ತದೆ. ಐ.ಬಿ.ಎಸ್. ಎನ್ನುವ ಈ ಕಾಯಿಲೆಯವರಿಗೆ ಅಕ್ಯುಪಂಕ್ಚರ್ ಸೂಜಿ ಚುಚ್ಚಿದರೆ ಮೆದುಳಿನಲ್ಲಿ ಏನಾಗುತ್ತದೆ ಎಂಬುದು ಅವರ ಕುತೂಹಲ. ಮೆದುಳಿನ ಯಾವ ಭಾಗ ದುಡಿಯುತ್ತದೋ ಅಲ್ಲಿಗೆ ರಕ್ತ ಹೆಚ್ಚು ಹರಿಯುತ್ತದೆ. ಅದನ್ನು ನಾನು ಗುರುತಿಸಬಲ್ಲೆ.

ಹಾಗೆ ಬಂದವರಲ್ಲಿ ದಾಕ್ಷಾಯಣಿ ಒಬ್ಬರು. ಬಸ್ ಕಂಡಕ್ಟರ್. ಒಮ್ಮೆ ಗದಗಿನ ದಾರಿಯಲ್ಲಿ ಬಸ್ ನಿಲ್ಲಿಸಿ ಹೊಲದ ಬದುವಿಗೆ ಓಡಬೇಕಾಗಿತ್ತಂತೆ. ಕಿಟಕಿಯಲ್ಲಿ ಜನ ನಕ್ಕಿದ್ದರು. ಅಂದಿನಿಂದ ಡ್ಯೂಟಿಯ ದಿನ ಅವರು ಏನೂ ತಿನ್ನುತ್ತಿರಲಿಲ್ಲ. ಇಷ್ಟದ ಕೆಲಸವನ್ನೇ ಬಿಡುವ ಯೋಚನೆಯಲ್ಲಿದ್ದರು.

"ಎಲ್ಲಾ ರಿಪೋರ್ಟ್ ನಾರ್ಮಲ್ ಅಂತಾರ್ರಿ. ಮನ್ಯಾಗ ನಾಟಕ ಮಾಡ್ತೀ ಅಂತಾರ. ಖರೇ ಹೇಳ್ರಿ ಮೇಡಂ, ನಾ ನಾಟಕ ಮಾಡಾಕತ್ತೀನೇನು?" ಎಂದು ಕೇಳಿದರು.

"ನೋಡೂಣು ಬರ್ರಿ ಅಕ್ಕಾರ," ಎಂದರು ಇರ್ಫಾನಾ.

ಕರುಳಿನ ತುದಿಯಲ್ಲಿ ಪುಟ್ಟ ಬಲೂನು ಇಟ್ಟು ಅವರನ್ನು ನನ್ನೊಳಗೆ ಮಲಗಿಸಿದರು. ಮೊದಲು ಮುನ್ಸೂಚನೆಯಾಗಿ ಕಣ್ಣೆದುರು ಕೆಂಪು ದೀಪ, ಸ್ವಲ್ಪ ತಡೆದು ಕರುಳು ನೋಯುವಂತೆ ಬಲೂನಿಗೆ ಗಾಳಿ; ಹೀಗೆ ಮತ್ತೆ ಮತ್ತೆ. ಗಾಳಿ ತುಂಬಿದಾಗ ಮೆದುಳಿನಲ್ಲಿ ನೋವಿನ ಜಾಗಗಳು ಬೆಳಗಿದವು. ಅದು ನಿರೀಕ್ಷಿಸಿದ್ದೇ. ನನಗೆ ಸೋಜಿಗವಾದದ್ದು ಬೇರೆ. ಬರೀ ದೀಪ ಹೊತ್ತಿದಾಗಲೇ, ಬಲೂನು ಇನ್ನೂ ಖಾಲಿಯಿರುವಾಗಲೇ, ಆ ಮೆದುಳು ಭಯದಿಂದ ಉರಿದೆದ್ದಿತ್ತು.

ಇರ್ಫಾನಾ ಚಿತ್ರವನ್ನು ತೋರಿಸಿದರು. "ನೋಡ್ರಿ, ಇದು ನಾಟಕ ಅಲ್ಲ."

ದಾಕ್ಷಾಯಣಿ ಪರದೆಯನ್ನು ಬೆರಳಿನಿಂದ ಮುಟ್ಟಿದರು. "ಇದರದೊಂದು ಫೋಟೋ ಕೊಡ್ರಿ. ಮನ್ಯಾಗ ತೋರಸ್ತೀನಿ," ಎಂದು ಅಳುತ್ತಲೇ ನಕ್ಕರು.

ಆಮೇಲೆ ಕೆಲವು ವಾರ ಬೇರೆ ಕೋಣೆಯಲ್ಲಿ ಕೈಕಾಲಿಗೆ ಸೂಜಿ ಚುಚ್ಚಿದರು. ಆ ಸೂಜಿಯನ್ನು ನಾನು ಕಂಡವನಲ್ಲ. ಕಬ್ಬಿಣ, ಉಕ್ಕು ನನ್ನ ಹತ್ತಿರ ಬರುವಂತಿಲ್ಲ. ಮತ್ತೆ ಬಂದಾಗ ಅದೇ ದೀಪ, ಅದೇ ಬಲೂನು. ಗಾಳಿ ತುಂಬಿದಾಗ ನೋವು ಬೆಳಗಿತು, ಹಿಂದಿಗಿಂತ ತುಸು ಮಂಕಾಗಿ. ಆದರೆ ದೀಪ ಹೊತ್ತಿದಾಗ ಮೆದುಳು ಸುಮ್ಮನೇ ಇತ್ತು.

"ಹೊಟ್ಟಿ ಬ್ಯಾನಿ ಹೆಂಗೈತ್ರಿ ಈಗ?" ಇರ್ಫಾನಾ ಕೇಳಿದರು.

"ಐತ್ರಿ. ಆದ್ರ ಅದರ ದಾರಿ ಕಾಯೂದು ಬಿಟ್ಟೇನಿ."

ಇರ್ಫಾನಾ ಚಿತ್ರದ ಕಡೆ ನೋಡಿದರು, ಮತ್ತೆ ಅವರ ಮುಖ ನೋಡಿದರು.

"ಇದು ಸೂಜೀಲಿಂದನ ಆತೇನ್ರಿ?" ಎಂದು ದಾಕ್ಷಾಯಣಿ ಕೇಳಿದರು.

"ನಿಮ್ಮೊಬ್ಬರ ಚಿತ್ರ ನೋಡಿ ಹೇಳಾಕ ಬರೂದಿಲ್ಲ. ಹೋಲಿಸಿ ನೋಡಾಕ ಕೆಲವರಿಗೆ ಸೂಜಿ ಚುಚ್ಚದ ಬರೇ ಮುಟ್ಟಿಸಿದ್ವಿ, ಅವರಿಗೂ ಸ್ವಲ್ಪ ಹಗುರಾಗೇತಿ. ನಾನೂ ಇನ್ನೂ ಹುಡುಕಾಕತ್ತೇನಿ."

ಆ ಉತ್ತರ ನನಗೆ ಹಿಡಿಸಿತು. ದಾಕ್ಷಾಯಣಿ ಗದಗಿನ ಬಸ್ಸಿಗೆ ಮರಳಿದರು. ಒಂದು ದಿನ ಆಸ್ಪತ್ರೆಗೆ ಬಂದು, ಅಣ್ಣಿಗೇರಿಯಲ್ಲಿ ಬಸ್ ನಿಂತಾಗ ಇಳಿದು ಗಿರ್ಮಿಟ್ ತಿಂದೆ, ಮೇಲೆ ಮೆಣಸಿನಕಾಯಿ ಬಜ್ಜಿಯನ್ನೂ ತಿಂದೆ ಎಂದು ಹೇಳಿ ಹೋದರು.

ನನಗಿಂತ ಚುರುಕಾದ ಯಂತ್ರ ಬಂದ ವರ್ಷ ನನ್ನ ಹೀಲಿಯಂ ತೆಗೆದರು. ಅಯಸ್ಕಾಂತದ ಬಲ ಹೋಯಿತು. ಈಗ ತಂತ್ರಜ್ಞರ ತರಬೇತಿ ಕಾಲೇಜಿನ ಮೂಲೆಯಲ್ಲಿದ್ದೇನೆ. ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ಮಲಗಿಸಿ ಪಾಠ ಕಲಿಯುತ್ತಾರೆ. ದುಡಿಯುವ ದಿನಗಳಲ್ಲಿ ನನ್ನದೇ ಬಡಿತದ ಗದ್ದಲ ಎಷ್ಟಿತ್ತೆಂದರೆ, ಒಳಗೆ ಮಲಗಿದವರ ಸದ್ದು ನನಗೆ ಕೇಳಿಸುತ್ತಲೇ ಇರಲಿಲ್ಲ.

ಮೊನ್ನೆ ಒಬ್ಬ ಹುಡುಗಿ ಮಲಗಿದಾಗ ಅವಳ ಹೊಟ್ಟೆ ಗುರ್ರೆಂದಿತು.

"ಯಾಕ, ಹಸಿವಾಗೇತೇನು?" ಗೆಳತಿ ಕೇಳಿದಳು.

"ಇಲ್ಲ. ನಾಳೆ ಪರೀಕ್ಷಾ ಐತಲ್ಲ."

ಕೆಂಪು ದೀಪಕ್ಕೆ ಉರಿದೆದ್ದ ಮೆದುಳಿನಂತೆ ಅವಳದೂ ನಾಳೆಗಾಗಿ ಉರಿಯುತ್ತಿದೆಯೋ ಏನೋ, ನನಗೀಗ ಕಾಣುವುದಿಲ್ಲ. ಆದರೂ ನಾನು ಕಿವಿಗೊಟ್ಟೆ. ಹೊಟ್ಟೆ ಮತ್ತೊಮ್ಮೆ ಗುರ್ರೆಂದಿತು.