ಕರಿ ನಾಲ್ಕು ಮುಷ್ಕರ ಹೂಡಿದ ದಿನ

ನಾನು ಒಂದು ಕಾಲ್ಪೇಟಿ. ತೊಡೆಯ ಮುಂದಿಟ್ಟು ನುಡಿಸುವ ಚಿಕ್ಕ ಹಾರ್ಮೋನಿಯಂ ಅಲ್ಲ. ಎರಡು ಪಾದಗಳಿಂದ ಗಾಳಿ ತುಳಿದು, ಎರಡೂ ಕೈಗಳಿಂದ ನುಡಿಸುವ ನಾಟಕ ಕಂಪನಿಯ ಪೇಟಿ. ಗದಗಿನ ಒಂದು ಓಣಿಯಲ್ಲಿ ಸಾಗುವಾನಿ ಕಟ್ಟಿಗೆಯಿಂದ ನನ್ನನ್ನು ಮಾಡಿದಾತ, ಕೆಳಗಿನ ಸ್ವರಗಳಿಗೆ ದಪ್ಪ ಹಿತ್ತಾಳೆಯ ನಾಲಗೆಗಳನ್ನು ಕೂಡಿಸಿ, "ಇವು ನುಡದ್ರ ಎದೀ ನಡಗಬೇಕು" ಎಂದಿದ್ದ. ನಾನು ಉಬ್ಬಿಹೋಗಿದ್ದೆ.

ಆದರೆ ಮಲಕಾಜಪ್ಪನವರ ನಾಟಕ ಕಂಪನಿ ಸೇರಿದ ಮೇಲೆ ಹದಿನೈದು ವರ್ಷ ಆ ಸ್ವರಗಳನ್ನು ಯಾರೂ ಮುಟ್ಟಲಿಲ್ಲ. ಕಂಪನಿಗೊಂದು ಕಟ್ಟಳೆಯಿತ್ತು: ನಾಯಕ ಕರಿ ನಾಲ್ಕರಲ್ಲೇ ಹಾಡಬೇಕು. ಅಂದರೆ ನನ್ನ ನಾಲ್ಕನೆಯ ಕಪ್ಪು ಕೀಯನ್ನು ಷಡ್ಜ ಮಾಡಿಕೊಂಡು, ಗಂಟಲಿನ ನರ ಉಬ್ಬುವಷ್ಟು ಎತ್ತರದಲ್ಲಿ. ಮೈಕ್ ಇಲ್ಲದ ಕಾಲದಲ್ಲಿ ಕೊನೆಯ ಸಾಲಿಗೂ ಕೇಳಲೆಂದು ಹುಟ್ಟಿದ ಪದ್ಧತಿ. ಮೈಕ್ ಬಂತು, ಪದ್ಧತಿ ಹೋಗಲಿಲ್ಲ. ಪೇಟಿ ನುಡಿಸುವ ಗೌಸುಸಾಬ ಮಾಸ್ತರರು ನನ್ನ ಎಡಗಡೆಯ ಕೀಗಳ ಮೇಲೆ ತಮ್ಮ ಎಲೆಯಡಿಕೆ ಚೀಲ ಇಡುತ್ತಿದ್ದರು. ಆ ಅವಮಾನವನ್ನು ನಾನು ಇನ್ನೂ ಮರೆತಿಲ್ಲ.

ಆಗ ಪರಸಪ್ಪ ಬಂದ. ಇಪ್ಪತ್ತೆರಡರ ತರುಣ, ಬಾವಿಯೊಳಗಿಂದ ಬಂದಂಥ ದನಿ. ಮಾಲೀಕ ಮಲಕಾಜಪ್ಪನವರು ಒಂದೇ ಸಾಲು ಕೇಳಿ, "ಇಂವಾ ರಾಕ್ಷಸನ ಪಾರ್ಟಿಗೆ ಹೇಳಿ ಮಾಡಿಸಿದಾಂವ" ಎಂದರು. ಮೂರು ವರ್ಷ ಅವನು ಬರೀ ಅಬ್ಬರಿಸಿದ, ಗಹಗಹಿಸಿದ. ಆದರೆ ಡೇರೆ ಖಾಲಿಯಿರುವಾಗ ಬಂದು, ಚೀಲ ಸರಿಸಿ, ನನ್ನ ಕೆಳಗಿನ ಸ್ವರ ಹಿಡಿದು ನಾಯಕನ ಪದಗಳನ್ನು ಹಾಡುತ್ತಿದ್ದ. ನನ್ನ ದಪ್ಪ ನಾಲಗೆಗಳು ಮೊದಲ ಸಲ ಬಾಯಿಬಿಟ್ಟದ್ದು ಆಗಲೇ. ಅವನ ಮೇಲೆ ನನಗೆ ಪ್ರಾಣ.

ಒಮ್ಮೆ ನಾಯಕನಟ ಬೇರೆ ಕಂಪನಿಗೆ ಹಾರಿಹೋದ. ಮಾಲೀಕರಿಗೆ ಬೇರೆ ದಾರಿಯಿರಲಿಲ್ಲ.

"ಒಂದ ಆಟ ಕೊಡ್ತೀನಿ ಪರಸ್ಯಾ. ಕರಿ ನಾಕರಾಗ ಹಾಡಿದ್ರ ನೀನ ರಾಜಾ. ಇಲ್ಲಂದ್ರ ಕಡೀತನಕಾ ರಾಕ್ಷಸ."

ತಾಲೀಮಿನಲ್ಲಿ ಅವನ ದನಿ ಮೂರು ಸಲ ಒಡೆಯಿತು. "ನನ್ನ ದನಿ ಇಲ್ಲೈತ್ರಿ, ಮಾಸ್ತರ" ಎಂದು ನನ್ನ ಎಡಗಡೆಯ ಕೀಗಳತ್ತ ಕೈ ತೋರಿಸಿದ.

"ಅಲ್ಲಿ ರಾಜಾ ಇರಂಗಿಲ್ಲೋ, ತಮ್ಮಾ" ಎಂದರು ಮಾಸ್ತರರು.

ನನಗೆ ಸಿಟ್ಟು ನೆತ್ತಿಗೇರಿತು.

ಭಾನುವಾರ ಮಧ್ಯಾಹ್ನದ ಆಟ. ಸೆರೆಸಿಕ್ಕ ರಾಜ ಶತ್ರುವಿನೆದುರು "ತಲೆ ಬಾಗೆನು" ಎಂದು ಹಾಡುವ ದೃಶ್ಯ. ಮಾಸ್ತರರು ಕರಿ ನಾಲ್ಕನ್ನು ಒತ್ತಿದರು. ಕೀ ಅಲುಗಲಿಲ್ಲ. ಮತ್ತೆ ಒತ್ತಿದರು. ಊಹೂಂ. ಹಸಿಗಾಳಿಗೆ ಕಟ್ಟಿಗೆ ಉಬ್ಬಿತ್ತೆಂದು ಆಮೇಲೆ ಹೇಳಿದರು. ಹೇಳಿಕೊಳ್ಳಲಿ.

ಪರಸಪ್ಪ ನನ್ನತ್ತ ನೋಡಿದ, ಉಸಿರೆಳೆದ, ತನ್ನದೇ ಶ್ರುತಿಯಲ್ಲಿ ಶುರುಮಾಡಿಯೇಬಿಟ್ಟ.

"ಮ್ಯಾಲ ಹೋಗಲೇ!" ಮಾಸ್ತರರು ಪಿಸುಗುಟ್ಟಿದರು. ಹಿಂದಿನ ಸಾಲಿನಿಂದ ಯಾರೋ, "ರಾಜಾ ಬಂದಾನೋ, ರಾಕ್ಷಸ ಬಂದಾನೋ?" ಎಂದು ನಕ್ಕರು. ಅವನು ನಿಲ್ಲಿಸಲಿಲ್ಲ. ಕೊನೆಗೆ ಮಾಸ್ತರರು ಎಲೆಯಡಿಕೆ ಚೀಲವನ್ನು ಕೆಳಕ್ಕೆ ಒಗೆದು ಎಡಗೈ ಇಳಿಸಿದರು. ನಾನು ಅಷ್ಟೂ ವರ್ಷಗಳ ಸಿಟ್ಟನ್ನೆಲ್ಲ ಒಂದೇ ಉಸಿರಿನಲ್ಲಿ ಹೊರಹಾಕಿದೆ. ನಕ್ಕವರ ಬಾಯಿ ಮುಚ್ಚಿತು. ಪದ ಮುಗಿದಾಗ ಅದೇ ಹಿಂದಿನ ಸಾಲು "ಒನ್ಸ್ ಮೋರ್" ಎಂದು ಕೂಗಿತು. ಮೂರು ಸಲ ಹಾಡಿಸಿದರು.

ಆಮೇಲೆ ಅವನನ್ನು ಹಿಡಿಯುವವರಿಲ್ಲ. ಎರಡು ವರ್ಷ ನಮ್ಮಲ್ಲಿ ರಾಜನಾದ. ಬಳಿಕ ಮುಂಬಯಿಯ ಸಂಗೀತ ನಾಟಕಗಳಿಗೆ ಹೋದ. ಅಲ್ಲಿಂದ, ಮಾತಿಗೆ ಬದಲು ಹಾಡಿನಲ್ಲೇ ಕಥೆ ನಡೆಸುವ ಒಪೆರಾಕ್ಕೆ. ಅಲ್ಲಿ ಇಂಥ ದನಿಗೆ ಬ್ಯಾರಿಟೋನ್ ಎಂಬ ಹೆಸರೇ ಇದೆಯಂತೆ. ಅದಕ್ಕೆಂದೇ ರಾಜರ ಪಾತ್ರ ಬರೆಯುತ್ತಾರಂತೆ. ಅವನ ಪತ್ರವನ್ನು ಮಾಸ್ತರರು ಎರಡು ಸಲ ಓದಿ, ಕನ್ನಡಕ ಒರೆಸಿಕೊಂಡರು.

ಕಂಪನಿ ಮುಚ್ಚಿತು. ನಾನು ಹುಬ್ಬಳ್ಳಿಯ ರಿಪೇರಿ ಅಂಗಡಿಯ ಮೂಲೆ ಸೇರಿದೆ. ಮೇಲಿನ ಸ್ವರಗಳು ಸವೆದು ಒಂದೊಂದಾಗಿ ಸತ್ತವು. ಬಿಚ್ಚಿ ಹಿತ್ತಾಳೆ ಮಾರುವುದೆಂದು ಮಾತಾಗಿತ್ತು. ಮಾರಲಿ, ಅಳುವುದಿಲ್ಲ ಎಂದುಕೊಂಡಿದ್ದೆ.

ಹೋದ ವಾರ ಪರಸಪ್ಪ ಹುಡುಕಿಕೊಂಡು ಬಂದ.

"ಒಯ್ದು ಏನ ಮಾಡ್ತೀರಿ, ಸಾಹೇಬ್ರ? ಕೆಳಗಿನ ಸ್ವರ ಅಷ್ಟ ಉಳದಾವು" ಎಂದ ಅಂಗಡಿಯವ.

ಪರಸಪ್ಪ ನನ್ನ ಧೂಳು ಒರೆಸಿ, ಎಡಗಡೆಯ ಕೀಯೊಂದನ್ನು ಒತ್ತಿದ. ಅಂಗಡಿಯ ಗಾಜು ನಡುಗಿತು.

"ಅಷ್ಟ ಸಾಕು" ಎಂದ.