ಅಡ್ಮಿನ್ ಅಲ್ಲದ ಸುಧಾರಾಣಿ

ಸುಧಾರಾಣಿಯವರು ಫೋನಿನಲ್ಲಿ ಸುಮ್ಮನಿರುವಷ್ಟು ಹೊತ್ತು ನಾನು ಬಲ್ಲವರಲ್ಲಿ ಯಾರೂ ದೇವರ ಮುಂದೆ ಕೂಡ ಸುಮ್ಮನಿರಲಾರರು. ಅಥಣಿ ರಸ್ತೆಯ ಆ ಹೊಲಿಗೆ ಯಂತ್ರದ ಅಂಗಡಿಗೆ ಯಾವ ಹೆಣ್ಣುಮಗಳು ಫೋನು ಮಾಡಿದರೂ ಅವರು ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ, 'ನಿಮ್ಮ ಹೆಸರೇನ್ರಿ?' ಆ ಕಡೆಯಿಂದ 'ಗೌಡರ ಸೊಸಿರೀ' ಎಂದೋ, 'ತಿಕೋಟಾದ ಕಿರಾಣಿ ಅಂಗಡಿಯವರ ಮನಿಯಿಂದ್ರಿ' ಎಂದೋ ಬಂದರೆ ಅವರು ಮಾತಾಡುತ್ತಿರಲಿಲ್ಲ. ಆ ಮೌನದಲ್ಲಿ ಕೋಪವಿರುತ್ತಿರಲಿಲ್ಲ, ಅವಸರವೂ ಇರುತ್ತಿರಲಿಲ್ಲ. ಅಲ್ಲೆಲ್ಲೋ ಕುಕ್ಕರು ಸೀಟಿ ಹಾಕುತ್ತಿತ್ತು, ಆಡೊಂದು ಅರಚುತ್ತಿತ್ತು, ಯಾರೋ ಯಾರನ್ನೋ ಬೈಯುತ್ತಿದ್ದರು. ಕೊನೆಗೆ, ಪೆಟ್ಟಿಗೆಯ ತಳದಲ್ಲಿಟ್ಟ ಸೀರೆಯನ್ನು ಹೊರಗೆ ತೆಗೆದ ಹಾಗೆ, ಆ ಹೆಣ್ಣುಮಗಳು ತನ್ನ ಹೆಸರನ್ನು ಹೊರಗೆ ತೆಗೆಯುತ್ತಿದ್ದಳು. 'ಹಾಂ, ಈಗ ಹೇಳ್ರಿ ಬೋರವ್ವಾ, ಮಿಶಿನ್‌ಗೆ ಏನಾಗೇದ?' ಎಂದು ಇವರ ಮಾತು ಆಗ ಶುರುವಾಗುತ್ತಿತ್ತು.

ನನಗೂ ಹಾಗೆಯೇ ಆಗಿತ್ತು. ನಮ್ಮತ್ತೆಯ ಕಾಲದ ತುಳಿಯುವ ಯಂತ್ರ ಕೆಟ್ಟಾಗ ಫೋನು ಮಾಡಿ, 'ಮಾಸ್ತರ ಮನಿಯಿಂದ್ರಿ' ಎಂದೆ. ಮೌನ. ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಗಟ್ಟಿಯಾಗಿ ಹೇಳಿದೆ.

'ಕೇಳಸ್ತ್ರಿ. ಮಾಸ್ತರು ಹೊಲೀತಾರೇನು?'

ನಕ್ಕು ನನ್ನ ಹೆಸರು ಹೇಳಿದೆ. ಎಷ್ಟೋ ದಿನಗಳ ಮೇಲೆ ಅದು ನನ್ನ ಕಿವಿಗೇ ಬಿದ್ದಂತಾಯಿತು.

ಆಮೇಲೆ ಸೂಜಿಗೆ, ದಾರಕ್ಕೆ ಎಂದು ನೆವ ಮಾಡಿಕೊಂಡು ಆ ಅಂಗಡಿಗೆ ಹೋಗಿ ಅವರ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂಡುವುದು ನನಗೆ ರೂಢಿಯಾಯಿತು. ಐವತ್ತೆರಡರ ಹೆಂಗಸು, ಬಲಮೊಣಕಾಲಿನ ನೋವಿನಿಂದಾಗಿ ಒಂದು ಹೆಗಲನ್ನು ಮುಂದೆ ಚಾಚಿ, ತುಂಬಿದ ಕೊಡ ಹೊತ್ತವರಂತೆ ಓರೆಯಾಗಿ, ಆದರೆ ಬಿರುಸಾಗಿ ನಡೆಯುತ್ತಿದ್ದರು. ಸೀರೆಯ ಮೇಲೊಂದು ನೀಲಿ ಕೋಟು. ಅಂಗಡಿಯಲ್ಲಿ ಎಲ್ಲರಿಗೂ ಕೊಡುವ, ಗಂಡಸರ ಅಳತೆಯ ಕೋಟು ಅದು. ಅದನ್ನು ತಾವೇ ಬಿಚ್ಚಿ, ಹೆಗಲು ಕಿರಿದು ಮಾಡಿ, ಜೇಬಿನ ಮೇಲಿದ್ದ 'ಸ್ಟಾಫ್' ಎಂಬ ಅಕ್ಷರಗಳನ್ನು ಒಂದೊಂದಾಗಿ ಕಿತ್ತು, ಅಲ್ಲಿ ಕೆಂಪು ದಾರದಿಂದ ತಮ್ಮ ಹೆಸರನ್ನು ಹೊಲಿದುಕೊಂಡಿದ್ದರು. ಪಿಯುಸಿ ಓದಿದ್ದರೂ ಕಸ ಹೊಡೆಯುವ ಕೆಲಸಕ್ಕೆ ಸೇರಿದವರು, ಮೂಲೆಗೆ ಬಿದ್ದಿದ್ದ ಹಳೆಯ ಕಂಪ್ಯೂಟರಿನ ಮುಂದೆ ಊಟದ ಬಿಡುವಿನಲ್ಲಿ ಕೂತು ಒಂದೊಂದೇ ಕೀಲಿ ಒತ್ತಿ ಕಲಿತು, ಹತ್ತೊಂಬತ್ತು ವರ್ಷದಲ್ಲಿ ಅಂಗಡಿಯ ಗ್ರಾಹಕರ ವಿವರವನ್ನೆಲ್ಲ ಬರೆದಿಡುವವರಾಗಿದ್ದರು.

ಆ ಗ್ರಾಹಕರಲ್ಲಿ ಮುಕ್ಕಾಲು ಪಾಲು ಬಬಲೇಶ್ವರ, ತಿಕೋಟಾ ಕಡೆಯ ಹಳ್ಳಿಗಳ ಹೆಣ್ಣುಮಕ್ಕಳು. ಯಂತ್ರ ಅವರದು, ಫೋನು ಮಾತ್ರ ಅವರದಲ್ಲ. ಮನೆಗೊಂದು ಫೋನು, ಅದು ಗಂಡನ ಜೇಬಿನಲ್ಲೋ ಮೈದುನನ ಜೇಬಿನಲ್ಲೋ ಇರುವುದು. ಒಂದೇ ನಂಬರಿನ ಮೇಲೆ ಅತ್ತೆ, ಇಬ್ಬರು ಸೊಸೆಯರು, ಪಕ್ಕದ ಮನೆಯಾಕೆ ಎಂದು ನಾಲ್ಕು ನಾಲ್ಕು ಯಂತ್ರಗಳು. ಸುಧಾರಾಣಿಯವರು ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಬರೆದು, ಷರಾದ ಜಾಗದಲ್ಲಿ 'ಮೈದುನನ ಫೋನು, ಸಂಜೆ ಆರರ ನಂತರ' ಎಂದೋ 'ಮಗ ಎತ್ತಿದರೆ ತಾಯಿಯನ್ನು ಕರೆಯಲು ಹೇಳುವುದು' ಎಂದೋ ಗುರುತು ಹಾಕಿದ್ದರು.

ಕಳೆದ ವರ್ಷ ಏಪ್ರಿಲಿನಲ್ಲಿ ಆ ಸಾಫ್ಟ್‌ವೇರಿಗೆ ಹೊಸ ಅಪ್‌ಡೇಟ್ ಬಂತು. ಜೊತೆಗೆ 'ಅಡ್ಮಿನ್' ಎಂಬ ಪದವಿಗೆ ಹೊಸ ಅಧಿಕಾರಗಳೂ ಬಂದವು. ಯಾರು ಏನನ್ನು ನೋಡಬಹುದು, ಯಾರು ತಿದ್ದಬಹುದು ಎಂಬುದನ್ನು ಇನ್ನು ಅಡ್ಮಿನ್ ನಿರ್ಧರಿಸುವುದು. ಯಾರು ಯಾವಾಗ ಏನು ತಿದ್ದಿದರೆಂಬ ಪಟ್ಟಿ ಅಡ್ಮಿನ್‌ಗೆ ಕಾಣುವುದು. ದುರಸ್ತಿಯಾದ ಯಂತ್ರವನ್ನು ನೋಂದಾಯಿತ ಫೋನಿಗೆ ಬರುವ ಒಟಿಪಿ ಹೇಳಿದವರಿಗೆ ಮಾತ್ರ ಕೊಡುವುದು. ಮತ್ತು ಒಂದೇ ನಂಬರಿನ ಗ್ರಾಹಕರನ್ನೆಲ್ಲ ಒಂದು ಗುಂಡಿಯಿಂದ ಒಬ್ಬರನ್ನಾಗಿ ಮಾಡುವುದು. ಇಷ್ಟು ವರ್ಷ ಆ ಪುಟಗಳನ್ನು ತುಂಬಿದವರಿಗೆ ಈ ಪದವಿ ಬರಲಿಲ್ಲ. ಮಾಲೀಕರಾದ ಚಂದ್ರಶೇಖರ ಅವರ ಅಳಿಯ ಅನೂಪನಿಗೆ ಬಂತು. ಅವನು ಗಾಜಿನ ಕೋಣೆಯಲ್ಲಿ ಕೂಡುವವನು, ಮಾತು ಮೃದು, ಯಾರಿಗೂ ಗದರಿದವನಲ್ಲ. ಒಂದು ಮಧ್ಯಾಹ್ನ ಚಹಾ ಕುಡಿಯುತ್ತ ಆ ಗುಂಡಿಯನ್ನು ಒತ್ತಿದ. ಮುನ್ನೂರ ಹನ್ನೆರಡು ಹೆಣ್ಣುಮಕ್ಕಳು, ಯಾರ ಜೇಬಿನಲ್ಲಿ ಫೋನಿತ್ತೋ ಅವರೊಳಗೆ ಕರಗಿಹೋದರು.

'ಒಂದ ನಂಬರಿಗೆ ನಾಕ ನಾಕ ಮಂದಿ ಅಂದ್ರ ಅದು ಡೂಪ್ಲಿಕೇಟ್ ರೀ ಅಕ್ಕಾರ. ಈಗ ಸಿಸ್ಟಮ್ ಕ್ಲೀನ್ ಆತು,' ಎಂದ.

'ನಾಕ ಮಂದಿ ಒಂದ ಬಾವಿ ನೀರ ಕುಡದ್ರ ಒಬ್ಬರ ಆಗ್ತಾರೇನ್ರಿ?' ಎಂದರು ಸುಧಾರಾಣಿ.

ಅವನು ನಕ್ಕ. ಆ ನಗು ನೆನಪಾದರೆ ಇವತ್ತಿಗೂ ನನ್ನ ಜಪಮಣಿಯ ಎಣಿಕೆ ತಪ್ಪುತ್ತದೆ.

ಮೇ ತಿಂಗಳಲ್ಲಿ ಮಮದಾಪುರದ ಸಖೂಬಾಯಿ ಬಂದಳು. ಗಂಡ ತೀರಿದ ಮೇಲೆ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದು ಎರಡು ಜೀವ ಸಾಕುತ್ತಿದ್ದವಳು. ಮೋಟಾರು ಸುಟ್ಟಿತೆಂದು ಯಂತ್ರವನ್ನು ಬಸ್ಸಿನ ಮೇಲೆ ಹಾಕಿ ಕಳಿಸಿದ್ದಳು. ಜೂನಿನಲ್ಲಿ ಶಾಲೆ ತೆರೆಯುವ ಮುಂಚೆ ಬೇಕು. ನಾನು ಸ್ಟೂಲಿನ ಮೇಲಿದ್ದೆ. ಉಡಿಯಿಂದ ಚೀಟಿ ತೆಗೆದು ಕೊಟ್ಟಳು. ಸುಧಾರಾಣಿಯವರು ಪರದೆಯನ್ನು ನೋಡಿದರು, ಮತ್ತೆ ಚೀಟಿಯನ್ನು ನೋಡಿದರು.

'ನಾಕ ದಿನ ಆತವ್ವಾ ಒಯ್ದು. ನಿನ್ನ ಮೈದುನ ಭಾಗಪ್ಪ ಬಂದಿದ್ದ. ನಾ ಅವತ್ತ ರಜಾ ಇದ್ದೆ.'

'ಅವಗ ಸೂಜಿ ಪೋಣಸಾಕ ಬರಂಗಿಲ್ಲರೀ ಅಕ್ಕಾರ. ಅವಗ್ಯಾಕ ಕೊಟ್ರಿ?'

ಗಾಜಿನ ಬಾಗಿಲು ತೆರೆದು ಅನೂಪನೇ ಉತ್ತರ ಹೇಳಿದ. 'ಒಟಿಪಿ ಹೇಳ್ಯಾರ, ಕೊಟ್ಟೇವಿ. ರೆಕಾರ್ಡಿನ್ಯಾಗ ಅವರ ಹೆಸರ ಅದ.'

'ಮತ್ತ ನನ್ನ ಹೆಸರ ಎಲ್ಲಿ ಹೋತ್ರಿ?'

ಅವಳು ಚೀಟಿಯನ್ನು ನಾಲ್ಕಾಗಿ ಮಡಚಿ ಉಡಿಗೆ ಸೇರಿಸಿಕೊಂಡು ಬಸ್ ನಿಲ್ದಾಣದ ದಾರಿ ಹಿಡಿದಳು. ಯಂತ್ರವನ್ನು ಭಾಗಪ್ಪ ಬಬಲೇಶ್ವರದಲ್ಲಿದ್ದ ತನ್ನ ಮಗಳ ಮನೆಗೆ ಮುಟ್ಟಿಸಿದ್ದನೆಂದು ಆಮೇಲೆ ತಿಳಿಯಿತು. ಆ ವರ್ಷದ ಸಮವಸ್ತ್ರಗಳು ಬೇರೆ ಯಾರ ಕೈಗೋ ಹೋದವು.

ಸುಧಾರಾಣಿಯವರು ಅಂದೇ ಸಾಫ್ಟ್‌ವೇರಿನ ಸಹಾಯಪುಟಗಳನ್ನು ತೆರೆದರು. ಎಲ್ಲ ಇಂಗ್ಲಿಷು. ಪಕ್ಕದಲ್ಲಿ ನಿಘಂಟು, ಬೆರಳಿನ ಕೆಳಗೆ ಒಂದೊಂದು ಸಾಲು. ಎರಡು ದಿನ ಓದಿ ಒಂದು ವಾಕ್ಯ ಹುಡುಕಿದರು. ಕೂಡಿಸಿದ್ದನ್ನು ಬಿಡಿಸಬಹುದು, ಅಡ್ಮಿನ್ ಮಾತ್ರ, ಮೂವತ್ತು ದಿನದೊಳಗೆ. ಉಳಿದದ್ದು ಒಂಬತ್ತು ದಿನ. ಮರುದಿನದಿಂದ ಹನ್ನೊಂದು ಗಂಟೆಗೆ ಸರಿಯಾಗಿ ಅವರು ಆ ಗಾಜಿನ ಬಾಗಿಲಿನ ಮುಂದೆ ನಿಲ್ಲತೊಡಗಿದರು.

'ಕೂಡ್ರಿ ಅಕ್ಕಾರ, ಕಾಲ ನೋಸ್ತಾವ.'

'ನಾ ಕೂತ್ರ ನೀವು ಮರೀತೀರಿ.'

'ನಾಳಿ ನೋಡೂಣ್ರಿ.'

ಮಾಲೀಕರ ಬಳಿಯೂ ಹೋದರು. ಚಂದ್ರಶೇಖರ ಅವರು ಪ್ರತಿ ಸೋಮವಾರ ಗುಡಿಯಲ್ಲಿ ಪ್ರಸಾದಕ್ಕೆ ನಿಲ್ಲುವವರು, ನನಗಿಂತ ಹೆಚ್ಚು ವಿಭೂತಿ ಧರಿಸುವವರು. ಎಲ್ಲ ಕೇಳಿ, 'ಅಳಿಯಾರು ನೋಡ್ಕೋತಾರ ತಂಗಿ' ಎಂದು ಹೇಳಿ, ಗಲ್ಲಾಪೆಟ್ಟಿಗೆಯ ಮೇಲಿನ ದೇವರ ಪಟಕ್ಕೆ ಊದಿನಕಡ್ಡಿ ಹಚ್ಚಲು ತಿರುಗಿಕೊಂಡರು. ಪಟದ ಕಡೆ ಮುಖ ಮಾಡಿದವರ ಬೆನ್ನಿಗೆ ಏನು ಹೇಳುವುದು? ದೇವರನ್ನು ಹೀಗೆ ಮರೆಗೆ ಹಿಡಿದುಕೊಳ್ಳುವವರನ್ನು ಕಂಡರೆ ನನಗೆ ನಾಸ್ತಿಕರ ಮೇಲೆ ಪ್ರೀತಿ ಬರುತ್ತದೆ.

ಗಡುವಿಗೆ ಎರಡು ದಿನವಿದ್ದಾಗ ಅನೂಪ ಸಾಂಗಲಿಗೆ ಮದುವೆಗೆ ಹೋದ. ಫೋನಿನಲ್ಲಿ, 'ಸೋಮವಾರ ಬಂದ ಮಾಡತೇನ್ರಿ' ಎಂದ. ಗಡುವು ಶನಿವಾರ ಮುಗಿಯಿತು. ಸೋಮವಾರ ಬಂದವನು ಮಾತಿಗೆ ತಪ್ಪದೆ ಕೂತು ಒತ್ತಿದ. ಗುಂಡಿ ಬೂದಿ ಬಣ್ಣಕ್ಕೆ ತಿರುಗಿತ್ತು. 'ಅಯ್ಯ, ಟೈಮ್ ಮುಗದದ,' ಎಂದ. ಅಷ್ಟೇ. ದುಷ್ಟತನವಿದ್ದರೆ ಶಪಿಸಿ ಹಗುರಾಗಬಹುದಿತ್ತು. ಇದರಲ್ಲಿ ಅದೂ ಇರಲಿಲ್ಲ.

ಹೊಸದಾಗಿ ಬರೆಯೋಣವೆಂದರೆ, ಅಪ್‌ಡೇಟ್ ಆದ ಮೇಲೆ ಒಂದು ನಂಬರಿಗೆ ಇಬ್ಬರನ್ನು ಸಾಫ್ಟ್‌ವೇರು ಒಪ್ಪುತ್ತಿರಲಿಲ್ಲ. ಆ ವಾರ ಗುಡಿಯಲ್ಲಿ ನಮ್ಮ ಹೆಂಗಸರ ಮಂಡಳಿಯ ಭಜನೆ ಮುಗಿದು ಮಂಗಳಾರತಿಯಾದ ಮೇಲೆ ಸುಧಾರಾಣಿಯವರು ಎದ್ದು ನಿಂತರು. ನೀಲಿ ಕೋಟಿನಲ್ಲೇ ಬಂದಿದ್ದರು.

'ನಿಮ್ಮೆಲ್ಲಾರ ಕೈಯಾಗ ಒಂದೊಂದ ಫೋನ ಅದಾವ. ಹೆಸರ ಅಳಿಸಿಹೋದ ಹೆಣ್ಣಮಕ್ಕಳಿಗಿ ನಂಬರ ಕಡಾ ಕೊಡ್ರಿ. ಒಬ್ಬೊಬ್ಬರು ಒಬ್ಬೊಬ್ಬಾಕಿಗಿ.'

ಯಾರೋ ಕೇಳಿದರು, 'ನಮಗೇನರ ತ್ರಾಸ ಬರತದೇನ್ರಿ?'

'ಬಂದ್ರ ಬರಲಿ. ಅಕ್ಕಮಹಾದೇವಿ ತ್ರಾಸ ಬರತದಂತ ಮನ್ಯಾಗ ಕೂತಿದ್ಲೇನು?'

ನಲವತ್ತೊಂದು ನಂಬರು ಸಿಕ್ಕವು. ಮೊದಲಿನದು ಅವರದೇ, ಅದನ್ನು ಸಖೂಬಾಯಿಗೆ ಕೊಟ್ಟರು. ನನ್ನ ಹೆಸರಿನ ಮುಂದೆ ಮಾಸ್ತರ ನಂಬರು ಬರೆಸಿದೆ, ನನ್ನದು ಕಾಖಂಡಕಿಯ ಬೋರವ್ವನಿಗೆ ಹೋಯಿತು. ಹೊಸ ಗ್ರಾಹಕರನ್ನು ಸೇರಿಸುವ, ಯಂತ್ರವನ್ನು ಒಂದು ಹೆಸರಿನಿಂದ ಇನ್ನೊಂದಕ್ಕೆ ಬದಲಿಸುವ ಅಧಿಕಾರ ಸುಧಾರಾಣಿಯವರ ಲಾಗಿನ್ನಿಗೆ ಇನ್ನೂ ಇತ್ತು. ನಲವತ್ತೊಂದು ಯಂತ್ರಗಳು ತಮ್ಮ ಒಡತಿಯರ ಹೆಸರಿಗೆ ಮರಳಿದವು. ಉಳಿದ ಇನ್ನೂರೆಪ್ಪತ್ತೊಂದು ಇವತ್ತಿಗೂ ಜೇಬುಗಳ ಹೆಸರಿನಲ್ಲೇ ಇವೆ.

ಶ್ರಾವಣದಲ್ಲಿ ಭಾಗಪ್ಪ ಆ ಯಂತ್ರವನ್ನು ತಾನೇ ಹೊತ್ತು ತಂದ. 'ದಾರ ಹರೀತೈತ್ರಿ. ನಮ್ಮ ಹುಡುಗಿಗಿ ಒಗ್ಗವಲ್ದು.' ಸುಧಾರಾಣಿಯವರು ಚೀಟಿ ಹರಿದು ಕೊಟ್ಟರು. ಸಖೂಬಾಯಿಯ ಹೆಸರು ದೊಡ್ಡದಾಗಿ ಅಚ್ಚಾಗಿತ್ತು. ಓದದೆ ಜೇಬಿಗೆ ತುರುಕಿಕೊಂಡ. ವಾರದ ನಂತರ ಬಂದು ಕೌಂಟರಿನ ಮುಂದೆ ಒಟಿಪಿಗೆ ಕಾಯುತ್ತ ಫೋನು ಹಿಡಿದು ನಿಂತ.

'ನನಗ ನಂಬರ ಬರವಲ್ದಲ್ರಿ.'

'ಯಾರ ಮಿಶಿನ್ ಅದನೋ ಅವರಿಗಿ ಬಂದದ.'

'ಎಲ್ಲಾ ಒಂದ ಮನಿರೀ ಅಕ್ಕಾರ. ಯಾರ ಒಯ್ದ್ರ ಏನು?'

'ಹೌದಲ್ಲ. ಹಂಗಾದ್ರ ಸಖೂಬಾಯಿ ಒಯ್ದ್ರೂ ನಿಮ್ಮ ಮನಿಗೇ ಹೋತು.'

ಹೇಳಿಕಳಿಸಿದ್ದರಿಂದ ಸಖೂಬಾಯಿ ಆಗಲೇ ಬಂದು ನನ್ನ ಸ್ಟೂಲಿನ ಹಿಂದೆ ನಿಂತಿದ್ದಳು. ಸುಧಾರಾಣಿಯವರು ಕೋಟಿನ ಜೇಬಿನಿಂದ ತಮ್ಮ ಫೋನು ತೆಗೆದು ಅವಳ ಕೈಗಿಟ್ಟರು. ಅವಳು ನಾಲ್ಕು ಅಂಕಿಗಳನ್ನು ಗಟ್ಟಿಯಾಗಿ, ಮೈದುನನಿಗೂ ಕೇಳುವಂತೆ, ಎರಡು ಸಲ ಓದಿದಳು.

ಭಾಗಪ್ಪ ದೂರು ಕೊಟ್ಟ. ಅನೂಪ ತಿದ್ದುಪಡಿಗಳ ಪಟ್ಟಿ ತೆರೆದು, ಕಾಗದದ ಮೇಲೆ ಮುದ್ರಿಸಿ ಸುಧಾರಾಣಿಯವರ ಮುಂದೆ ಇಟ್ಟ. 'ನಲವತ್ತೊಂದ ಸಲ ನಿಮ್ಮ ಹೆಸರ ಅದ ಇಲ್ಲೆ.'

'ಇರಲಿ ಬಿಡ್ರಿ. ಒಬ್ಬಾಕಿ ಹೆಸರರ ಉಳೀತಲ್ಲ.'

ಹೆಣ್ಣುಮಕ್ಕಳ ಹೆಸರು ಅಳಿಸಿದ ಗುಂಡಿಯ ದಾಖಲೆಯೂ ಅದೇ ಪಟ್ಟಿಯಲ್ಲಿ, ಏಪ್ರಿಲಿನ ಪುಟದಲ್ಲಿ, ಅನೂಪನ ಹೆಸರಿನ ಮುಂದೆ ಇದ್ದಿರಬೇಕು. ಆ ಪುಟವನ್ನು ಯಾರೂ ಮುದ್ರಿಸಲಿಲ್ಲ. ಅಂದೇ ಸುಧಾರಾಣಿಯವರ ಲಾಗಿನ್ ಮುಚ್ಚಿತು. ಈಗ ಅವರು ಸೂಜಿ, ದಾರ, ಗುಂಡಿ ಮಾರುವ ಸಣ್ಣ ಕೌಂಟರಿನಲ್ಲಿ ನಿಲ್ಲುತ್ತಾರೆ. ಒಂದು ಡಜನ್ ಹುಕ್ಕು ಕೇಳಲು ಬಂದವಳಿಗೂ ಮೊದಲು ಹೆಸರು ಕೇಳುತ್ತಾರೆ.

ಇಂಥವರು ಪ್ರತಿ ಕಚೇರಿಯಲ್ಲೂ ಒಬ್ಬರಿರುತ್ತಾರೆ. ಕೆಲಸ ಅವರ ಬೆನ್ನ ಮೇಲೆ, ಕೀಲಿಕೈ ಬೇರೆಯವರ ಕೈಯಲ್ಲಿ. ಅವರು ಬಾಗಿಲಲ್ಲಿ ನಿಂತಿರುವಾಗ ನಾವು ಅವರನ್ನು ಹಠಮಾರಿ ಎನ್ನುತ್ತೇವೆ. ನಿವೃತ್ತಿಯ ದಿನ ಶಾಲು ಹೊದಿಸಿ ನಿಷ್ಠೆ ಎನ್ನುತ್ತೇವೆ. ಅವರ ಜೊತೆಗೆ ಹೋಗಿ ನಿಲ್ಲುವುದಿಲ್ಲ. ಆ ಒಂಬತ್ತು ದಿನ ನಾನೂ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದವಳೇ. ಇಂಥ ಜೀವಗಳಿಗೆ ಹೊಗಳಿಕೆ ಬೇಕಿಲ್ಲ, ಅವರ ರೂಢಿಯನ್ನು ಹಿಡಿದುಕೊಳ್ಳುವವರು ಬೇಕು.

ಮೂರು ತಿಂಗಳಿಗೊಮ್ಮೆ ನನ್ನ ಫೋನಿಗೆ ಸಂದೇಶ ಬರುತ್ತದೆ. ಬೋರವ್ವನವರೇ, ನಿಮ್ಮ ಯಂತ್ರದ ಸರ್ವಿಸ್ ದಿನ ಹತ್ತಿರ ಬಂದಿದೆ ಎಂದು. ಪೂಜೆ ಮುಗಿಸಿ ಕಾಖಂಡಕಿಗೆ ಫೋನು ಮಾಡುತ್ತೇನೆ. ಎತ್ತುವವನು ಗಂಡ. 'ಏನಿದ್ರೂ ನನಗ ಹೇಳ್ರಿ' ಎನ್ನುತ್ತಾನೆ. 'ಬೋರವ್ವ ಬೇಕ್ರಿ' ಎಂದು ಒಮ್ಮೆ ಹೇಳಿ, ಆಮೇಲೆ ಸುಮ್ಮನಿರುತ್ತೇನೆ. ಅವನು ಎರಡು ಸಲ ಹಲೋ ಎನ್ನುತ್ತಾನೆ. ಅಂಗಳದಲ್ಲಿ ಕೊಡ ಇಳಿಸಿದ ಸದ್ದು. ಹತ್ತಿರವಾಗುವ ಬಳೆಗಳ ಸದ್ದು.

'ನಾ ಬೋರವ್ವ ರೀ.'