ಸಾವಿನ ಮನೆಯ ವಾಕಿಟಾಕಿ

ಹಿಮಬೆಟ್ಟಗಳ ನಡುವಿನ ಚದರ್ವ್ ಊರಿನ ಸವ್ಸನ್‌ಗೆ ಆ ಚಳಿಗಾಲ ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿತ್ತು. ದಿನಾ ಬೆಳಿಗ್ಗೆ ಊರ ಹಿಂದಿನ ಬಯಲಿಗೆ ಹೋಗಬೇಕು. ನೆಟ್ಟಿರುವ ಅಳತೆಗೋಲಿನಲ್ಲಿ ಹಿಮ ಎಷ್ಟು ಏರಿದೆ ಅಂತ ನೋಡಬೇಕು. ಹಲಗೆಯ ಮೇಲೆ ರಾತ್ರಿ ಬಿದ್ದ ಹೊಸ ಹಿಮವನ್ನು ಅಳೆದು ಹಲಗೆ ಒರೆಸಿಡಬೇಕು. ಗಾಳಿ ಯಾವ ಕಡೆಯಿಂದ ಬೀಸಿತು ಅಂತ ಬರೆದುಕೊಂಡು, ಎಲ್ಲವನ್ನೂ ವಾಕಿಟಾಕಿಯಲ್ಲಿ ಕೆಳಗಿನ ಪಟ್ಟಣದ ಹಿಮದ ಎಚ್ಚರಿಕೆ ಕಚೇರಿಗೆ ಹೇಳಬೇಕು. ಸಂಬಳವೇನೂ ಇಲ್ಲ. ಒಂದು ಕೆಂಪು ಜಾಕೆಟ್, ಒಂದು ಸಲಿಕೆ, ಆ ವಾಕಿಟಾಕಿ ಕೊಟ್ಟಿದ್ದರು. ಊರವರ ಕುಹಕ ಮಾತ್ರ ಪುಕ್ಕಟೆ.

ಕುಹಕಕ್ಕೆ ಕಾರಣವಿತ್ತು. ಕೆಳಗಿನ ಊರಿಗೆ ಹೋಗುವ ದಾರಿ ಬಿಳಿ ಕೊರಕಲು ಅನ್ನುವ ಕಡಿದಾದ ಕಮರಿಯ ಬುಡದಲ್ಲೇ ಹಾದುಹೋಗುತ್ತದೆ. ಆ ವರ್ಷ ಎರಡು ಸಲ ಆಕೆ "ಬಿಳಿ ಕೊರಕಲು ದಾಟಬೇಡಿ, ಹಿಮ ಕುಸಿಯೋ ಹಾಗಿದೆ" ಅಂದಿದ್ದಳು. ಎರಡು ಸಲವೂ ಏನೂ ಕುಸಿಯಲಿಲ್ಲ. ಒಂದು ಸಲ ಯಾರದೋ ಮನೆಯ ಹೆಣ್ಣು ನೋಡುವ ಶಾಸ್ತ್ರ ಮುಂದೆ ಹೋಯಿತು. ಇನ್ನೊಂದು ಸಲ ಹಿಟ್ಟು ತರಲು ಹೊರಟವರು ಮೂರು ದಿನ ಮನೆಯಲ್ಲೇ ಕೂತರು. ಅಂದಿನಿಂದ ಅವಳು ನೀರಿಗೆ ಹೋದರೂ ಸಾಕು, "ಏನಮ್ಮಾ, ಇವತ್ತು ಚಹಾ ಕುಡಿಯೋಕೆ ಬೆಟ್ಟದ ಅಪ್ಪಣೆ ಆಗಿದ್ಯಾ?" ಅನ್ನುವವರೇ.

ಎಲ್ಲರಿಗಿಂತ ಹೆಚ್ಚು ಅಣಕಿಸುತ್ತಿದ್ದವನು ಅವಳ ಗಂಡನ ಅಣ್ಣ ಕದಂಶೋ. ಗಂಡ ಲಾರಿ ಓಡಿಸುವವನು, ದಾರಿ ಮುಚ್ಚಿದ್ದರಿಂದ ಕೆಳಗಿನ ಪಟ್ಟಣದಲ್ಲೇ ಉಳಿದಿದ್ದ. ಹಾಗಾಗಿ ಮನೆಗೆ ಕದಂಶೋನೇ ಹಿರಿಯ.

ಜನವರಿಯ ಕೊನೆಗೆ ಎರಡು ಹಗಲು, ಎರಡು ರಾತ್ರಿ ಬಿಡದೆ ಹಿಮ ಸುರಿಯಿತು. ಕರೆಂಟ್ ಹೋಯಿತು. ಫೋನಿನ ಟವರ್ ಕೆಟ್ಟಿತು. ಎರಡನೇ ದಿನ ಸಂಜೆ ವಾಕಿಟಾಕಿ ಕರೆಯಿತು. ಕೆಳಗಿನ ಪಸೋರ್ ಊರಿನಿಂದ ಅವಳ ತಮ್ಮ ನವ್ರೂಜ್. ಅವನೂ ಆ ಊರಿನಲ್ಲಿ ಹಿಮ ಅಳೆಯುವವನೇ.

"ಅಕ್ಕಾ, ಅಮ್ಮ ಹೋದ್ಲು."

ಸವ್ಸನ್‌ಗೆ ತಕ್ಷಣ ಅಳು ಬರಲಿಲ್ಲ. ಮೈಯಲ್ಲಿ ಅಷ್ಟು ದಣಿವಿತ್ತು.

"ನಾಡಿದ್ದು ಮೂರನೇ ದಿನ, ಅಮ್ಮನ ಹೆಸರಲ್ಲಿ ದೀಪ ಹಚ್ಚೋದು. ಬರ್ತೀಯಲ್ಲ?" ಅಂದ ತಮ್ಮ.

"ಬರ್ದೆ ಇರ್ತೀನೇನೋ?" ಅಂದಳು. ಆಡಿದ ಮಾತು ಅಷ್ಟೇ. ಆಮೇಲೆ ಆ ಕಡೆಯಿಂದ ಸದ್ದಿಲ್ಲ.

ಮರುದಿನ ಆಕಾಶ ತೊಳೆದಿಟ್ಟ ಹಾಗೆ ತಿಳಿಯಾಗಿತ್ತು. ಕದಂಶೋ ಬೆಳಗಾಗುತ್ತಲೇ ತಾನೂ ಸೇರಿ ಹನ್ನೆರಡು ಜನರನ್ನು ಅಂಗಳದಲ್ಲಿ ಕೂಡಿಸಿದ್ದ. ಹೆಗಲಿಗೆ ರೊಟ್ಟಿಯ ಗಂಟು, ಹಿಟ್ಟಿನ ಚೀಲ, ಒಣಗಿದ ಹಿಪ್ಪುನೇರಳೆ. ಸಾವಿನ ಮನೆಗೆ ಒಂಟಿಯಾಗಿ ಹೋಗಬಾರದು, ಒಬ್ಬರ ನೆರಳು ಇನ್ನೊಬ್ಬರಿಗೆ ತಾಗುವಷ್ಟು ಹತ್ತಿರ ಗುಂಪಾಗಿ ನಡೆಯಬೇಕು ಅನ್ನುವುದು ನಮ್ಮ ಕಣಿವೆಯ ರೂಢಿ. ದುಃಖ ಹಂಚಿಕೊಳ್ಳುವುದಕ್ಕೆ ಒಳ್ಳೆಯ ರೂಢಿಯೇ. ಆದರೆ ಹಿಮದ ಕೊರಕಲಿನ ಕೆಳಗೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ಅಷ್ಟರಲ್ಲಿ ಸವ್ಸನ್ ಬಯಲಿನಿಂದ ಬಂದಳು. ನಿದ್ದೆಯಿಲ್ಲದೆ ಕಣ್ಣು ಊದಿಕೊಂಡಿತ್ತು.

"ಭಾವ, ಇವತ್ತು ಹೋಗೋದು ಬೇಡ."

ಯಾರೋ ಹಿಂದಿನಿಂದ ನಕ್ಕರು. ಕದಂಶೋ ನಗಲಿಲ್ಲ.

"ಸತ್ತಿರೋದು ನನ್ನ ತಾಯಿಯಲ್ಲ, ನಿನ್ನ ತಾಯಿ. ನೆನಪಿದ್ಯಾ?"

"ಇದೆ ಭಾವ."

"ಮೂರನೇ ದಿನದ ದೀಪಕ್ಕೆ ಮಗಳೇ ಇಲ್ಲ ಅಂದ್ರೆ ಜನ ಏನಂತಾರೆ? ಬಿಸಿಲು ನೋಡು, ಹೇಗಿದೆ! ಹಿಮ ನಿಂತು ಹೋಯ್ತು. ಇನ್ನೇನು ಭಯ?"

"ನಿಂತ ಮೇಲೇ ಭಯ. ಎಪ್ಪತ್ನಾಲ್ಕು ಸೆಂಟಿಮೀಟರ್ ಬಿದ್ದಿದೆ. ಗಾಳಿ ಅದನ್ನೆಲ್ಲ ಗುಡಿಸಿ ಕೊರಕಲಿನ ತಲೆ ಮೇಲೆ ಗುಡ್ಡೆ ಹಾಕಿದೆ. ಈಗ ಅದರ ಮೇಲೆ ಬಿಸಿಲು ಬೀಳುತ್ತೆ. ಬಯಲಲ್ಲಿ ಕಾಲಿಟ್ರೆ ಹಿಮ ಧುಂ ಅಂತ ಕುಸೀತು, ನನ್ನ ಕಾಲ ಕೆಳಗಿಂದ ಬಿರುಕು ಓಡ್ತು."

"ಎರಡು ಸಲ ಇದೇ ಕಥೆ ಹೇಳ್ದೆ. ಬೆಟ್ಟ ಕೆಮ್ಮಲೂ ಇಲ್ಲ."

ಸವ್ಸನ್‌ಗೆ ವಾದ ಮಾಡುವ ಶಕ್ತಿ ಇರಲಿಲ್ಲ. ಸಲಿಕೆಯನ್ನು ಅವನ ಕೈಗೆ ಕೊಟ್ಟಳು. "ನನ್ನ ನಂಬಬೇಡಿ ಭಾವ. ನೀವೇ ಅಗೆದು ನೋಡಿ. ಆಮೇಲೂ ಹೋಗೋಣ ಅಂದ್ರೆ ಮೊದಲು ನಾನೇ ನಡೀತೀನಿ."

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರಲ್ಲ, ಕದಂಶೋ ಅಂಥವನೇ. ಸಲಿಕೆ ಹಿಡಿದು ಹೊರಟ. ಊರ ಪಕ್ಕದ ಒಂದು ಪುಟ್ಟ ಇಳಿಜಾರಿಗೆ ಅವಳು ಕರೆದುಕೊಂಡು ಹೋದಳು. ಕೊರಕಲು ಮುಖ ಮಾಡಿರುವ ದಿಕ್ಕಿಗೇ ಅದೂ ಇತ್ತು, ಆದರೆ ಮೇಲಿನಿಂದ ಬೀಳುವಂಥದ್ದು ಏನೂ ಇರಲಿಲ್ಲ. ಕದಂಶೋ ನೆಲ ಸಿಗುವ ತನಕ ಅಗೆದ. ಬೆವರಿದ, ಬೈದ, ಮತ್ತೆ ಅಗೆದ. ಗುಂಡಿಯ ಗೋಡೆಯನ್ನು ಅವಳು ಸಲಿಕೆಯಿಂದ ಸವರಿ ಸಪಾಟು ಮಾಡಿದಳು.

"ಮೇಲಿಂದ ಕೆಳಗೆ ಬೆರಳು ಒತ್ತುತ್ತಾ ಬನ್ನಿ."

ಮೇಲಿನ ಹಿಮ ಗಟ್ಟಿಯಾಗಿ ಬೆರಳಿಗೆ ಎದುರಾಯಿತು. ನೆಲಕ್ಕೆ ಇನ್ನೊಂದು ಗೇಣು ಇರುವಾಗ ಇಡೀ ಕೈ ಒಳಗೆ ಹೋಯಿತು. ಅಲ್ಲಿಯ ಹಿಮವನ್ನು ಹಿಡಿದು ಹೊರತೆಗೆದರೆ ಮುಷ್ಟಿಯಲ್ಲಿ ಉಂಡೆಯೇ ಆಗಲಿಲ್ಲ, ದಪ್ಪ ಸಕ್ಕರೆಯ ಹಾಗೆ ಸುರಿದುಹೋಯಿತು.

"ಇದ್ಯಾಕೆ ಹಿಂಗಿದೆ?"

"ಡಿಸೆಂಬರ್ ಪೂರ್ತಿ ಒಣ ಚಳಿ ಇತ್ತಲ್ಲ ಭಾವ. ಆಗಿದ್ದ ಸ್ವಲ್ಪ ಹಿಮ ಹೀಗೆ ಹರಳಾಗಿಬಿಟ್ಟಿದೆ. ಒಂದಕ್ಕೊಂದು ಅಂಟಲ್ಲ. ಈಗ ಅದರ ಮೇಲೆ ಎರಡು ದಿನದ ಹಿಮ ಚಪ್ಪಡಿ ಹಾಗೆ ಕೂತಿದೆ."

ಅವಳು ಗುಂಡಿಯ ಅಂಚಿನಲ್ಲಿ ಒಂದು ಅಡಿ ಅಗಲದ ಹಿಮದ ಕಂಬವನ್ನು ಸುತ್ತಲೂ ಕತ್ತರಿಸಿ ಬಿಡಿಸಿದಳು. ಅದರ ನೆತ್ತಿಯ ಮೇಲೆ ಸಲಿಕೆ ಇಟ್ಟಳು. "ಮಣಿಕಟ್ಟಿಂದ ಮೆಲ್ಲಗೆ ತಟ್ಟಿ. ಹತ್ತು ಸಲ. ಆಮೇಲೆ ಮೊಣಕೈಯಿಂದ ಹತ್ತು, ಕೊನೆಗೆ ಭುಜದಿಂದ ಹತ್ತು."

ಮೊಣಕೈ ತನಕ ಹೋಗಲೇ ಇಲ್ಲ. ಮಗುವಿನ ಬೆನ್ನು ತಟ್ಟುವಷ್ಟು ಮೆಲ್ಲಗೆ ತಟ್ಟುತ್ತಿದ್ದ, ಆರನೆಯ ಏಟಿಗೆ ಇಡೀ ಕಂಬ ಬುಡದಿಂದ ಜಾರಿ ಅವನ ಮಂಡಿಗೆ ಬಂದು ಬಡಿಯಿತು.

ಕದಂಶೋ ಮಂಡಿಯ ಮೇಲಿನ ಹಿಮ ಕೊಡವಿಕೊಂಡ. "ನಿನ್ನನ್ನೂ ಸೇರಿಸಿ ಹದಿಮೂರು ಜನ ಹೋಗೋರಿದ್ವಿ" ಅಂದ. ಮತ್ತೆ, "ಒಟ್ಟಿಗೆ" ಅಂದ.

"ಹೌದು ಭಾವ."

"ಯಾವಾಗ ಬೀಳುತ್ತೆ?"

"ಗೊತ್ತಿಲ್ಲ. ಬೀಳದೇನೂ ಇರಬಹುದು. ನನಗೆ ಗೊತ್ತಿರೋದು ಇಷ್ಟೇ, ಅದರ ಕೆಳಗೆ ನಾವು ಇರಬಾರದು."

ಗುಂಪನ್ನು ಮನೆಗೆ ಕಳಿಸಿದವನು ಕದಂಶೋನೇ. ಗೊಣಗಿದವರಿಗೆ, "ನಾನು ಕೈಯಾರೆ ತಟ್ಟಿ ನೋಡಿದ್ದೀನಿ. ಹೋಗೋರು ಮೊದಲು ನನ್ನ ಹತ್ರ ಮಾತಾಡಿ" ಅಂದ. ಸವ್ಸನ್ ಗಂಟೆಗೊಂದು ಸಲ ವಾಕಿಟಾಕಿಯಲ್ಲಿ ತಮ್ಮನನ್ನು ಕರೆದಳು. ಉತ್ತರವಿಲ್ಲ.

"ಎಲ್ಲಿಂದ ಬರುತ್ತೆ ಉತ್ತರ?" ಅಂದ ಕದಂಶೋ. "ಸಾವಿನ ಮನೇಲಿ ಮೂರು ದಿನ ಯಾವ ಪೆಟ್ಟಿಗೇನೂ ಮಾತಾಡೋ ಹಾಗಿಲ್ಲ. ಟೀವಿ ಇಲ್ಲ, ರೇಡಿಯೋ ಇಲ್ಲ. ಇದನ್ನೂ ಆರಿಸಿ ಬಟ್ಟೆ ಸುತ್ತಿ ಇಟ್ಟಿರ್ತಾನೆ."

"ಹಾಗಾದ್ರೆ ನಾವು ಬರಲ್ಲ ಅಂತ ಹೇಳೋದು ಹೇಗೆ?"

"ಹೇಳೋದೇನು ಬಂತು? ಬರದೆ ಇದ್ದಾಗ ಅವರಿಗೇ ಗೊತ್ತಾಗುತ್ತೆ."

ಅದು ಸರಿ ಅಂತ ಸವ್ಸನ್‌ಗೂ ಅನ್ನಿಸಿತು. ಆ ಮಾತು ಸರಿಯಲ್ಲ ಅಂತ ಹೊಳೆಯುವಷ್ಟು ತಲೆ ಓಡುತ್ತಿರಲಿಲ್ಲ.

ಮಾರನೆಯ ದಿನ ದೀಪದ ದಿನ. ಸವ್ಸನ್ ಒಲೆಯ ಮುಂದೆ ಕೂತೇ ಇದ್ದಳು. ಉಪ್ಪು, ಬೆಣ್ಣೆ ಹಾಕಿದ ಹಾಲುಚಹಾ ಮುಂದಿಟ್ಟರೆ ಅದು ಕೆನೆಗಟ್ಟಿ ತಣ್ಣಗಾಯಿತು. ಪಕ್ಕದ ಮನೆಯ ಗುಲ್ಬೀ ಅಜ್ಜಿ ಬಂದು ಕೇಳಿದಳು, "ಬಿತ್ತೇನೇ?"

"ಗೊತ್ತಿಲ್ಲ ಅಜ್ಜಿ. ಕೊರಕಲು ತಿರುವಿನ ಆಚೆ ಇದೆ. ಇಲ್ಲಿಗೆ ಕಾಣಲ್ಲ, ಈ ಗಾಳಿಗೆ ಕೇಳಿಸೋದೂ ಇಲ್ಲ."

"ಹಾಗಾದ್ರೆ ಬಿದ್ದಿಲ್ಲ ಬಿಡು" ಅಂದು ಅಜ್ಜಿ ನಿಟ್ಟುಸಿರಿಟ್ಟಳು. "ಪಾಪ, ತಾಯಿ ದೀಪ ತಪ್ಪಿಸ್ಕೊಂಡೆ."

ಆ ಒಂದು ಮಾತಿಗೆ ಸವ್ಸನ್ ಎರಡು ದಿನದ ಅಳುವನ್ನೆಲ್ಲ ಅತ್ತಳು. ಹಿಮ ಅಳೆಯುವ ಕೆಲಸವೇ ಬೇಡ, ನಾಳೆಯೇ ಎಲ್ಲವನ್ನೂ ವಾಪಸು ಕೊಡುತ್ತೇನೆ ಅಂದುಕೊಂಡಳು.

ನಾಲ್ಕನೆಯ ದಿನ ನಸುಕಿಗೆ ಕದಂಶೋನೇ ಗುಂಡಿ ಅಗೆದಿದ್ದ. ಈ ಸಲ ಕಂಬ ಇಪ್ಪತ್ತೆರಡು ಏಟು ತಡೆಯಿತು, ಮುರಿದಾಗಲೂ ಸಲೀಸಾಗಿ ಜಾರಲಿಲ್ಲ. "ಗಟ್ಟಿಯಾಗ್ತಿದೆ, ಆದ್ರೂ ನಂಬೋ ಹಾಗಿಲ್ಲ" ಅಂದಳು ಸವ್ಸನ್. "ತಿರುವಿನ ತನಕ ಹೋಗೋಣ, ಆ ದಾರಿಗೆ ಭಯ ಇಲ್ಲ. ಅಲ್ಲಿಂದ ಕೊರಕಲು ನೋಡಿ ಆಮೇಲೆ ಯೋಚಿಸೋಣ." ಐದೇ ಜನ ಹೊರಟರು. ಬಿಸಿಲು ಏರುವ ಮೊದಲು ತಿರುವು ಮುಟ್ಟಿದರು.

ಕೊರಕಲು ಬರಿದಾಗಿತ್ತು. ಮೇಲಿನಿಂದ ಕೆಳಗಿನ ತನಕ ಕಪ್ಪು ಮಣ್ಣು ಕಾಣುತ್ತಿತ್ತು. ಕೆಳಗೆ ದಾರಿಯ ಮೇಲೆ ಎರಡಾಳು ಎತ್ತರದ ಹಿಮದ ರಾಶಿ, ನದಿಯ ಅರ್ಧದವರೆಗೆ. ಆ ರಾಶಿಯ ಮೇಲೆ ಜನ. ಇಪ್ಪತ್ತಕ್ಕೂ ಹೆಚ್ಚು ಗಂಡಸರು ಉದ್ದನೆಯ ಕೋಲು ಚುಚ್ಚಿ ಚುಚ್ಚಿ ನೋಡುತ್ತಿದ್ದರು, ಅಲ್ಲಲ್ಲಿ ಅಗೆಯುತ್ತಿದ್ದರು.

"ಯಾರೋ ಸಿಕ್ಕಿಹಾಕ್ಕೊಂಡಿದ್ದಾರೆ" ಅಂದ ಕದಂಶೋ.

ಸವ್ಸನ್ ಕೆಂಪು ಜಾಕೆಟ್ ಬಿಚ್ಚಿ ಬೀಸಿದಳು, ಕೂಗಿದಳು. ರಾಶಿಯ ಮೇಲಿದ್ದವರು ಒಬ್ಬೊಬ್ಬರಾಗಿ ಕೈ ನಿಲ್ಲಿಸಿದರು. ಒಬ್ಬ ಮಾತ್ರ ಬೀಳುತ್ತಾ ಏಳುತ್ತಾ ಇತ್ತ ಬಂದ. ನವ್ರೂಜ್. ಎರಡೂ ಕೈಗೆ ಬಟ್ಟೆ ಸುತ್ತಿದ್ದ, ಬಟ್ಟೆಯಲ್ಲಿ ರಕ್ತ. ಅಕ್ಕನನ್ನು ಅಪ್ಪಿಕೊಳ್ಳಲಿಲ್ಲ. ಅವಳ ಹಿಂದೆ ಇದ್ದವರನ್ನು ಎಣಿಸಿದ.

"ಉಳಿದೋರೆಲ್ಲಿ?"

"ಮನೇಲಿ. ಯಾರೂ ಹೊರಟೇ ಇಲ್ಲ ಕಣೋ."

"ಮನೇಲಾ?" ಅವನು ಹಿಮದ ಮೇಲೆ ಕುಸಿದು ಕೂತ. "ಮೊನ್ನೆ ಮಧ್ಯಾಹ್ನ ಬಿತ್ತು. ನೀವು ಬರೋ ಹೊತ್ತಿಗೆ ಸರಿಯಾಗಿ. ಬರ್ದೆ ಇರ್ತೀನಾ ಅಂದಿದ್ದೆಯಲ್ಲೇ ನೀನು! ಎರಡು ದಿನದಿಂದ ನಿಮ್ಮನ್ನ ಅಗೀತಿದ್ದೀವಿ."

"ವಾಕಿಟಾಕೀಲಿ ಕರೀಬಾರದಿತ್ತಾ? ನಾನು ಗಂಟೆ ಗಂಟೆಗೂ ಕರೆದೆ."

"ಅಮ್ಮ ಹೋದ ದಿನವೇ ಆರಿಸಿ ಉಗ್ರಾಣದಲ್ಲಿಟ್ಟೆ. ಇದು ಬಿದ್ದ ಮೇಲೆ ಓಡಿಹೋಗಿ ತಂದ್ರೆ ಚಳಿಗೆ ಬ್ಯಾಟರಿ ಸತ್ತುಹೋಗಿತ್ತು. ಚಾರ್ಜ್ ಮಾಡೋಕೆ ಕರೆಂಟ್ ಇಲ್ಲ."

ಕದಂಶೋ ಅವರ ಮಾತು ಕೇಳುತ್ತಿರಲಿಲ್ಲ. ಕೊರಕಲಿನ ಪಕ್ಕದ ಇಳಿಜಾರನ್ನೇ ನೋಡುತ್ತಿದ್ದ. ಅಲ್ಲಿಯ ಹಿಮ ಇನ್ನೂ ಹಾಗೇ ತೂಗುತ್ತಿತ್ತು, ಕೆಳಗೆ ಅಷ್ಟೂ ಜನ. "ಇಳೀರಿ ಎಲ್ರೂ!" ಅಂತ ಗಂಟಲು ಹರಿಯುವಂತೆ ಕೂಗಿದ. "ಒಟ್ಟಿಗೆ ಬೇಡ, ಒಬ್ಬೊಬ್ಬರಾಗಿ! ಒಬ್ಬ ದಾಟಿದ ಮೇಲೆ ಇನ್ನೊಬ್ಬ!"

ಎಲ್ಲರೂ ಇಳಿದರು. ಇವರೂ ಅದೇ ರೀತಿ ಒಬ್ಬೊಬ್ಬರಾಗಿ ದಾಟಿದರು. ಪಸೋರ್ ಮುಟ್ಟಿದಾಗ ಸವ್ಸನ್ ಕೇಳಿದಳು, "ದೀಪ ಚೆನ್ನಾಗಿ ಆಯ್ತೇನೋ?"

ನವ್ರೂಜ್ ತಲೆ ಎತ್ತಲಿಲ್ಲ. "ಹಚ್ಚಲೇ ಇಲ್ಲ ಅಕ್ಕಾ. ಅಮ್ಮನಿಗೆ ಒಂದೇ ಹಚ್ಚಬೇಕೋ, ನಿಮಗೂ ಸೇರಿಸಿ ಎಷ್ಟು ಹಚ್ಚಬೇಕೋ ಗೊತ್ತಾಗಲಿಲ್ಲ."

ಆ ಸಂಜೆ ಒಂದೇ ದೀಪ ಹಚ್ಚಿದರು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಹೇಳಿ ಹೇಳಿ ನಮಗೂ ಸಾಕಾಗಿದೆ, ಕೇಳಿ ಕೇಳಿ ನಿಮಗೂ ಸಾಕಾಗಿರಬಹುದು. ಆದರೂ ಹಿಮ ದಣಿಯುವುದಿಲ್ಲ, ಆದ್ದರಿಂದ ಇನ್ನೊಂದು ಸಲ ಕೇಳಿ. ದೊಡ್ಡ ಹಿಮ ಸುರಿದ ಮೇಲೆ ಬಿಸಿಲು ಕಂಡಿತು ಅಂತ ಹೊರಡಬೇಡಿ. ನಿಮ್ಮ ಊರಲ್ಲಿ ಹಿಮ ಅಳೆಯುವವರು ಬೇಡ ಅಂದರೆ ಅಣಕಿಸಬೇಡಿ, ಸಲಿಕೆ ಇಸಿದುಕೊಂಡು ಅವರ ಜೊತೆ ಹೋಗಿ ಅಗೆದು ನೋಡಿ. ಅವರು ಬೇಡ ಅಂದ ದಿನ ಏನೂ ಬೀಳದಿದ್ದರೆ ಅವರು ಸುಳ್ಳುಗಾರರಲ್ಲ, ನೀವು ಬದುಕಿದ್ದೀರಿ ಅಷ್ಟೇ. ದಾಟಲೇಬೇಕಾದರೆ ಗುಂಪು ಬಿಡಿ, ಒಬ್ಬೊಬ್ಬರಾಗಿ ದಾಟಿ. ವಾಕಿಟಾಕಿಯನ್ನು ಚಳಿಗೆ ಬಿಡಬೇಡಿ, ಹಾಸಿಗೆಯೊಳಗೆ ಬೆಚ್ಚಗಿಡಿ. ಮನೆಯಲ್ಲಿ ಸಾವಾಗಿರಲಿ, ಮದುವೆಯಾಗಿರಲಿ, ಅದನ್ನು ಆರಿಸಬೇಡಿ. ಸತ್ತವರು ಅದರ ಸದ್ದಿಗೆ ಬೇಸರ ಮಾಡಿಕೊಳ್ಳುವುದಿಲ್ಲ. ಬರುತ್ತೇವೆ ಅಂತ ಹೇಳಿ ಬರಲಾಗದೆ ಹೋದರೆ, ಬರುವುದಿಲ್ಲ ಅನ್ನುವುದನ್ನು ಹೇಗಾದರೂ ಮಾಡಿ ಮುಟ್ಟಿಸಿ. ಇಲ್ಲದಿದ್ದರೆ ಮನೆಯಲ್ಲಿ ಚಹಾ ಕುಡಿಯುತ್ತಾ ಕೂತ ನಿಮ್ಮನ್ನು, ನಿಮ್ಮವರೇ ಯಾವುದೋ ಹಿಮದ ರಾಶಿಯಲ್ಲಿ ಕೈ ರಕ್ತ ಮಾಡಿಕೊಂಡು ಅಗೆಯುತ್ತಿರುತ್ತಾರೆ.